ಎತ್ತಿನ ಹೆಜ್ಜೆ ಒಪ್ಪಿಸಿದ ತಳವಾರಮ್ಮ

ನನ್ನ ಜಾಗಕ್ಕೆ ಬಂದಿರುವ ಹುಡುಗಿ ಕೆಲಸಕ್ಕೆ ಸೇರಿದ ವಾರದಲ್ಲೇ ನಮ್ಮ ಮನೆ ಹುಡುಕಿಕೊಂಡು ಬಂದಳು. ಬಿ.ಎ. ಓದಿದವಳು, ಅರ್ಜಿ ಹಾಕಿ ಸಂದರ್ಶನ ಮುಗಿಸಿ ಬಂದವಳು. ಮಜ್ಜಿಗೆ ಕೊಟ್ಟೆ. ಲೋಟ ಕೆಳಗಿಡುವ ಮೊದಲೇ ಕೇಳಿದಳು: "ಅಮ್ಮ, ಆರ್ಡರ್‌ನಲ್ಲಿ ಗ್ರಾಮ ಸಹಾಯಕಿ ಅಂತ ಅದ. ಆಪೀಸ್ನೋರು ತಲೈಯಾರಿ ಅಂತಾರ. ಊರೊಳಗ ತಳವಾರ್ತಿ ಅಂತ ಕೂಗ್ತಾರ. ಇದ್ರಲ್ಲಿ ನಾನು ಯಾರು?"

"ಮೂರೂ ನೀನೇ ಕಣವ್ವ" ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ. ಫೋನಿನಲ್ಲಿ ನೋಡಿದ್ದಳಂತೆ. "ಕಾವಲುಗಾರ ಅಂತ ಬಂತು. ಏನ ಕಾಯಬೇಕು ಅಂತ ಮಾತ್ರ ಬರ್ನಿಲ್ಲ" ಎಂದಳು.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ಕಥೆ ಇಲ್ಲಿ ಸಿಗುವುದಿಲ್ಲ. ಈ ಕೆಲಸದಲ್ಲಿ ಬಡ್ತಿ ಎಂಬುದು ದಿಂಬಂ ಘಾಟಿಯ ತಿರುವಿನ ಮಂಜಿನಲ್ಲಿ ಎದುರು ಬರುವ ಬಸ್ಸಿನ ಹಾಗೆ, ಸದ್ದು ಕೇಳುತ್ತದೆ, ಕಾಣುವುದಿಲ್ಲ. ಆದರೆ ತಳವಾರ ಎಂಬ ಮಾತಿನ ಅರ್ಥವನ್ನು ನಾನು ಯಾವ ನಿಘಂಟಿನ ಹಂಗೂ ಇಲ್ಲದೆ ಕಾಲಿನಿಂದಲೇ ಕಲಿತೆ. ಅದನ್ನು ಹೇಳಿಕೊಳ್ಳಲು ನನಗೆ ಹೆಮ್ಮೆಯಿದೆ.

ನಮ್ಮೂರು ಕರಿಗುಡ್ಡೆ. ಪಣಕಹಳ್ಳಿ ಕಡೆಯಿಂದ ಬಂದರೆ ಮಣ್ಣುದಾರಿಯ ಕೊನೆ. ನಾಲ್ಕು ಬೀದಿ, ಒಂದು ಕೆರೆ, ಸುತ್ತ ರಾಗಿ, ಮುಸುಕಿನ ಜೋಳ, ಕೋಸು. ಊರ ಬಡಗಲಿಗೆ ಒಂದು ಹಳ್ಳ ಹರಿಯುತ್ತದೆ. ಹಳ್ಳದ ಈಚೆ ದಡ ತಮಿಳುನಾಡು, ಆಚೆ ದಡ ಕರ್ನಾಟಕ. ಎರಡು ದಡದಲ್ಲೂ ಅದೇ ರಾಗಿ, ಅದೇ ಕನ್ನಡ. ನಮ್ಮ ಮನೆಯವರು ತಲೆತಲಾಂತರದಿಂದ ಬೇರೆಯವರ ಹೊಲದಲ್ಲಿ ಕೂಲಿ ಮಾಡಿದವರು. ಜೊತೆಗೆ ಊರ ತಳವಾರಿಕೆಯೂ ನಮ್ಮದೇ.

ನಮ್ಮವರು, ಅಂದರೆ ನನ್ನ ಗಂಡ, ಆ ಕೆಲಸದಲ್ಲಿದ್ದಾಗಲೇ ಜ್ವರ ಬಂದು ತೀರಿಕೊಂಡರು. ಎರಡು ಸಾವಿರದ ಇಸವಿ ದಾಟಿದ್ದ ಹೊಸತು. ನಾನು ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ ಓದಿದ್ದರಿಂದ ಅನುಕಂಪದ ಮೇಲೆ ಕೆಲಸ ನನಗೆ ಬಂತು. ಆಗ ತಾಲೂಕು ಕಚೇರಿ ಸತ್ಯಮಂಗಲದಲ್ಲಿತ್ತು. ಒಂದು ಸಹಿ ಬೇಕೆಂದರೂ ಘಾಟಿ ಇಳಿಯಬೇಕು. ಆದೇಶ ತರಲು ಹೋದ ದಿನ ಬಸ್ಸಿನಲ್ಲಿ ವಾಂತಿ ಮಾಡಿಕೊಂಡೆ, ವಾಪಸು ಬರುವಾಗ ದಿಂಬಂನಲ್ಲಿ ಚಹಾ ಕುಡಿದು ಆ ಕಾಗದವನ್ನು ಮತ್ತೆ ಮತ್ತೆ ತೆಗೆದು ನೋಡಿದೆ. ನನ್ನ ಹೆಸರು ಚಿಕ್ಕತಾಯಿ ಎಂದು ತಮಿಳಿನಲ್ಲಿ ಬರೆದಿದ್ದರು. ಓದಲು ಬರದಿದ್ದರೂ ಅದು ನಾನೇ ಎಂದು ಗೊತ್ತಿತ್ತು. ಮನಸ್ಸು ಕುಣಿಯುತ್ತಿತ್ತು.

ಊರಿಗೆ ಬಂದರೆ ಅಷ್ಟು ಕುಣಿತ ಕಾಣಲಿಲ್ಲ. ಗುರುಮಲ್ಲಪ್ಪನವರು ತಮ್ಮ ಜಗುಲಿಯಲ್ಲಿ ಕುಳಿತಿದ್ದರು. ನಮ್ಮೂರಲ್ಲಿ ಹೆಚ್ಚು ಹೊಲವಿರುವ ಮನೆ ಅವರದು. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಕೆಟ್ಟವರಲ್ಲ, ಆದರೆ ಎದುರಿಗಿದ್ದವರನ್ನು ಚುಚ್ಚದಿದ್ದರೆ ಅವರಿಗೆ ಉಂಡ ಅನ್ನ ಅರಗುತ್ತಿರಲಿಲ್ಲ. "ಏನವ್ವ, ಎಂಗಸು ತಳವಾರಿಕೆ ಮಾಡ್ತಿಯಾ? ತಳವಾರ ಅಂದ್ರ ಏನು ಗೊತ್ತಾ? ತಳದಲ್ಲಿ ಕೂರೋನು. ನಾವು ಜಗಲಿ ಮ್ಯಾಲ, ಅವನು ಕೆಳಗ. ಆ ಪದ ಉಟ್ಟುದ್ದೇ ಅಂಗ" ಎಂದರು. ಜಗುಲಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕಂತೆ ಮಾಡಿ ಮನೆಗೆ ಬಂದು ಅತ್ತೆ.

ಮರುದಿನ ನಮ್ಮ ಗ್ರಾಮಾಧಿಕಾರಿಗಳಿಗೆ ಇದನ್ನು ಹೇಳಿದೆ. ಅವರು ಘಾಟಿಯ ಕೆಳಗಿನಿಂದ ಬಂದ ತಮಿಳರು. ತಮಿಳು ಸಾಹಿತ್ಯ ಓದಿಕೊಂಡವರು, ಪದಗಳ ಹುಚ್ಚು. ಒಂದು ಮಾತು ಸಿಕ್ಕರೆ ಅದರ ಅಪ್ಪ ಅಮ್ಮ ಅಜ್ಜನವರೆಗೆ ವಿಚಾರಿಸದೆ ಬಿಡುತ್ತಿರಲಿಲ್ಲ. ಪಹಣಿ ಕೇಳಲು ಬಂದ ರೈತ ತನ್ನ ಹೊಲದ ಹೆಸರಿನ ಮೂಲ ಕೇಳಿಸಿಕೊಂಡು ಬರಿಗೈಲಿ ಹೋಗುವುದೂ ಇತ್ತು. ಅವರು ಹರಕು ಮುರುಕು ಕನ್ನಡದಲ್ಲಿ ಹೇಳಿದರು: "ಯಾರಮ್ಮ ಹಾಗೆ ಹೇಳಿದ್ದು? ನಮ್ಮ ತಲೈಯಾರಿ, ನಿಮ್ಮ ತಳವಾರ, ಎರಡೂ ಒಂದೇ ಮನೆ ಮಾತು. ನಮ್ಮವರು ತಲೆ ಅನ್ನೋದರಿಂದ ಬಂತು ಅಂತಾರೆ, ಮೊದಲು ನಿಲ್ಲೋನು. ಕೆಲವರು ಸ್ಥಳ ಅನ್ನೋದರಿಂದ ಅಂತಾರೆ. ಹಳೇ ಶಾಸನಗಳಲ್ಲಿ ರಾಜನ ಹತ್ತಿರ ಇದ್ದ ದೊಡ್ಡ ಅಧಿಕಾರಿಗೂ ಇದೇ ಹೆಸರಿದೆ. ಸರಿಯಾದ ಮೂಲ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ ಮೇಲೆ ನೀನು ಯಾಕೆ ತಳದಲ್ಲಿ ಕೂರ್ತೀಯ?"

ಆ ಮಾತು ನನಗೆ ಹಿಡಿಸಿತು. ಆದರೆ ರಾಜ ಇಲ್ಲದ ಊರಲ್ಲಿ ರಾಜನ ಅಧಿಕಾರಿಯಾಗಿ ಏನು ಮಾಡುವುದು? ಕಂದಾಯದ ದಿನ ತಮಟೆ ಹೊಡೆಸುವುದು, ಆನೆ ಜೋಳಕ್ಕೆ ನುಗ್ಗಿದರೆ ನಷ್ಟ ನೋಡಲು ಬಂದವರಿಗೆ ಹೊಲ ತೋರಿಸುವುದು, ಸತ್ತವರು ಹುಟ್ಟಿದವರ ಸುದ್ದಿ ಮುಟ್ಟಿಸುವುದು. ಇವೇ ನನ್ನ ಕೆಲಸಗಳು. ಈಗ ಎಲ್ಲದಕ್ಕೂ ವಾಟ್ಸಾಪು ಇದೆ. ಆಗ ನನ್ನ ಕಾಲೇ ವಾಟ್ಸಾಪು.

ಕಾವಲು ಅಂತ ಮೊದಲು ನಿಜವಾಗಿ ಮಾಡಿದ್ದು ಒಂದು ಚುನಾವಣೆಯಲ್ಲಿ. ವೋಟಿನ ಹಿಂದಿನ ದಿನ ಶಾಲೆಯ ಕೋಣೆ ತೊಳೆದು, ಮೇಜು ಜೋಡಿಸಿ, ಗ್ರಾಮಾಧಿಕಾರಿಗಳು ಬೀಗದ ಕೈ ನನಗೆ ಕೊಟ್ಟು, "ನಾನು ಬರುವ ತನಕ ಯಾರನ್ನೂ ಒಳಗೆ ಬಿಡಬೇಡ. ತಹಸೀಲ್ದಾರರೇ ಬಂದರೂ ಬಿಡಬೇಡ" ಎಂದು ಹೇಳಿ ಪಕ್ಕದೂರಿಗೆ ಹೋದರು. ಸ್ವಲ್ಪ ಹೊತ್ತಿಗೆ ಪ್ಯಾಂಟನ್ನು ಮೊಣಕಾಲಿಗೆ ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು, ಕೆಸರು ಮೆತ್ತಿದ ಒಬ್ಬರು ಬಂದು ಬಾಗಿಲು ತೆಗೆ ಎಂದರು. ಆಗುವುದಿಲ್ಲ ಎಂದೆ. ನಾನೇ ತಹಸೀಲ್ದಾರ್ ಎಂದರು.

"ತಾಸಿಲ್ದಾರ್ ಬಂದ್ರೂ ಬುಡಬ್ಯಾಡ ಅಂದವ್ರ ಸಾ. ಅಲ್ಲಿ ಜಗಲಿ ಮ್ಯಾಲ ಕೂತ್ಕಳಿ" ಎಂದು ಒಂದು ಹಿಡಿ ಕಡಲೆಕಾಯಿ ಕೊಟ್ಟೆ. ಪಾಪ, ಅವರು ನಿಜವಾಗಿಯೂ ತಹಸೀಲ್ದಾರರೇ. ಜೀಪು ಕೆಳದಾರಿಯ ಕೆಸರಲ್ಲಿ ಹೂತಿತ್ತು. ಗ್ರಾಮಾಧಿಕಾರಿಗಳು ಬಂದವರು, ದೊಡ್ಡ ಸಾಹೇಬರು ಜಗುಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿರುವುದನ್ನು ಕಂಡು ಬೆವತುಹೋದರು. ನನ್ನ ಕೆಲಸ ಹೋಯಿತು ಎಂದುಕೊಂಡೆ. ಸಾಹೇಬರು ಸಿಪ್ಪೆ ಕೊಡವಿ ಎದ್ದು, ಈ ಹೆಂಗಸನ್ನು ಎಣಿಕೆಯ ದಿನವೂ ಬಾಗಿಲಿಗೆ ಹಾಕಿ ಎಂದು ತಮಿಳಿನಲ್ಲಿ ಹೇಳಿದರಂತೆ. ಅದಾದ ಮೇಲೆ ಎಷ್ಟೋ ದಿನ ಊರಲ್ಲಿ ಹುಡುಗರು ನನ್ನನ್ನು ಕಂಡರೆ ಜಗುಲಿ ಹತ್ತಿ ಕಡಲೆಕಾಯಿ ಕೇಳುತ್ತಿದ್ದರು.

ಇನ್ನು ಆ ಎತ್ತಿನ ವಿಷಯ. ಕೆಲಸಕ್ಕೆ ಹೊಸಬರಾಗಿ ಬರುವವರು ಬೇರೆ ಏನನ್ನು ಮರೆತರೂ ಇದನ್ನು ಓದಬೇಕು.

ದೀಪಾವಳಿ ಮುಗಿದು ಹತ್ತಿರದ ಗುಮಟಾಪುರದಲ್ಲಿ ಸಗಣಿ ಎರಚಾಡುವ ಆಟ ನಡೆದ ಮರುದಿನ. ಆಟ ನೋಡಲು ಹೋದವರೆಲ್ಲ ಮೈಗೆ ಹತ್ತಿದ ಸಗಣಿ ತೊಳೆದು ತಡವಾಗಿ ಮಲಗಿದ್ದರು. ಬೆಳಿಗ್ಗೆ ಗುರುಮಲ್ಲಪ್ಪನವರ ಕೊಟ್ಟಿಗೆಯಲ್ಲಿ ಜೋಡಿಯ ಬಲದ ಎತ್ತು ಇರಲಿಲ್ಲ. ಆ ವರ್ಷವೇ ಹಳ್ಳದ ಆಚೆಯ ಸೀಮೆಯಿಂದ ಕೊಂಡುತಂದ ಬಿಳಿ ಎತ್ತು. ಕೊಟ್ಟಿಗೆ ನೋಡಿಕೊಳ್ಳುತ್ತಿದ್ದವನು ಮಾರ. ಸಂಜೆ ಎತ್ತು ಕಟ್ಟಿದವನೂ ಅವನೇ. ಗೂಟ ಇದೆ, ಅದಕ್ಕೆ ಸುತ್ತಿದ ಹಗ್ಗದ ಕುಣಿಕೆ ಇದೆ, ಎತ್ತಿಲ್ಲ, ಉಳಿದ ಹಗ್ಗವೂ ಇಲ್ಲ.

ನಾನು ಹೋಗುವಷ್ಟರಲ್ಲಿ ಮಾರ ಅಂಗಳದಲ್ಲಿ ತಲೆ ತಗ್ಗಿಸಿ ನಿಂತಿದ್ದ. ಅವನ ಹೆಂಡತಿ ಮೂಲೆಯಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ಗುರುಮಲ್ಲಪ್ಪನವರು ಕೂಗುತ್ತಿದ್ದರು. "ಯಾರಿಗ್ಲಾ ಒಡದು ಕೊಟ್ಟೆ? ಬಾಯಿ ಬುಡು. ಟೇಸನ್ನಿಗೆ ಓದ ಮ್ಯಾಲ ಅವ್ರೇ ಬುಡಿಸ್ತಾರ."

"ಕಟ್ಟಿದ್ದಿ ಬುದ್ದಿ. ನಾ ಏನೂ ಮಾಡ್ನಿಲ್ಲ" ಎಂಬುದೊಂದೇ ಮಾರನ ಮಾತು.

ಗುರುಮಲ್ಲಪ್ಪನವರು ದೂರು ಬರೆಸಲು ಗ್ರಾಮಾಧಿಕಾರಿಗಳ ಹತ್ತಿರ ಆಗಲೇ ಹೋಗಿ ಬಂದಿದ್ದರು. ಆದರೆ ಅವರು, "ಸಾಯಂಕಾಲದ ತನಕ ತಡೆಯಿರಿ. ಮೊದಲು ತಲೈಯಾರಿ ನೋಡಲಿ. ಅದು ಅವಳ ಕೆಲಸ" ಎಂದು ಕಳಿಸಿದ್ದರು. ಅಂದರೆ ಸಾಯಂಕಾಲದ ತನಕ ಮಾರ ನನ್ನ ಕೈಯಲ್ಲಿದ್ದ. ಕಳ್ಳ ಎಂಬ ಹೆಸರು ಹೊತ್ತು ಒಮ್ಮೆ ಠಾಣೆಯ ಮೆಟ್ಟಿಲು ಹತ್ತಿದ ಕೂಲಿಯವನನ್ನು ಆಮೇಲೆ ಯಾರೂ ಕೊಟ್ಟಿಗೆಯ ಹತ್ತಿರಕ್ಕೆ ಸೇರಿಸುವುದಿಲ್ಲ. ಅವನಿಗೆ ಬೇರೆ ಕಸುಬೂ ಗೊತ್ತಿರಲಿಲ್ಲ.

ನಮ್ಮವರು ಬದುಕಿದ್ದಾಗ ಒಂದು ಹಳೆಯ ರೂಢಿಯ ಬಗ್ಗೆ ಹೇಳುತ್ತಿದ್ದರು. ದನ ಕಳೆದರೆ ತಳವಾರ ಅದರ ಹೆಜ್ಜೆ ಹಿಡಿದು ಊರ ಎಲ್ಲೆಯವರೆಗೆ ಹೋಗಬೇಕು. ಹೆಜ್ಜೆ ಎಲ್ಲೆ ದಾಟಿದ್ದರೆ ಆಚೆಯೂರಿನ ತಳವಾರನನ್ನು ಕರೆಸಿ ಅಲ್ಲಿ ಹೆಜ್ಜೆ ಒಪ್ಪಿಸಬೇಕು. ಅವನು ಒಪ್ಪಿಕೊಂಡ ಗಳಿಗೆಯಿಂದ ದನದ ಜವಾಬ್ದಾರಿ ಅವನ ಊರಿನದು, ಈಚೆಯೂರಿನ ಯಾರ ಮೇಲೂ ಮಾತಿಲ್ಲ. ಒಪ್ಪದಿದ್ದರೆ ನಷ್ಟವೂ ಅಪವಾದವೂ ನಮ್ಮೂರಿನ ಮೇಲೇ ನಿಲ್ಲುತ್ತದೆ. ನಮ್ಮವರ ಕಾಲಕ್ಕೇ ಅದು ಅಪರೂಪವಾಗಿತ್ತು. ನಾನು ಒಮ್ಮೆಯೂ ಮಾಡಿರಲಿಲ್ಲ.

ಕೊಟ್ಟಿಗೆಯ ಹಿಂದೆ ಹಸಿ ಮಣ್ಣಿನಲ್ಲಿ ಒಂದು ಗೊರಸಿನ ಗುರುತು ಚೆನ್ನಾಗಿ ಬಿದ್ದಿತ್ತು. ಅದರ ಮೇಲೆ ಮಂಕರಿ ಕವುಚಿ ಹಾಕಿದೆ. ಹಾಕುವ ಮೊದಲು ಪೊರಕೆಯಿಂದ ಒಂದು ಕಡ್ಡಿ ಕಿತ್ತು, ಗುರುತಿನ ಉದ್ದಕ್ಕೆ ಸರಿಯಾಗಿ ಮುರಿದು, ಅಗಲಕ್ಕೆ ಉಗುರಿನಿಂದ ಗೀರಿದೆ. ಆ ಕಡ್ಡಿ ಸೆರಗಿಗೆ ಕಟ್ಟಿಕೊಂಡು, ಕೊಡೆ ಹಿಡಿದು ಹೊರಟೆ.

ಹೊರಟೆ ಎಂದರೆ ಊರೇ ಹೊರಟಿತು. ಮುಂದೆ ಗುರುಮಲ್ಲಪ್ಪನವರು, ಅವರ ದಾಯಾದಿಗಳು, ಆಮೇಲೆ ನಡುವೆ ಮಾರನನ್ನು ಹಾಕಿಕೊಂಡು ಉಳಿದವರು, ಎಲ್ಲರ ಹಿಂದೆ ನಾನು. ಈಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ನಮ್ಮ ಮನೆಯ ಹೆಂಗಸು ಅವರ ಮನೆಯ ಹಿರಿಯರಿಗಿಂತ ಮುಂದೆ ನಡೆಯುವುದು ನಮ್ಮೂರಲ್ಲಿ ಇರಲಿಲ್ಲ. ಯಾರೂ ಹಿಂದೆ ಹೋಗು ಎಂದು ಹೇಳಲಿಲ್ಲ. ನನ್ನ ಕಾಲೇ ತಾನಾಗಿ ಹಿಂದೆ ನಿಂತಿತು. ಹೀಗೆ ಹೆಜ್ಜೆ ಹುಡುಕಬೇಕಾದವಳು ಬೇರೆಯವರ ಬೆನ್ನು ನೋಡುತ್ತ ನಡೆದೆ.

ಕೆರೆಯ ಏರಿ ಇಳಿದು ಗಾಡಿದಾರಿ ಸೇರುವಲ್ಲಿ ಗುರುಮಲ್ಲಪ್ಪನವರು ನಿಂತರು. "ಎಜ್ಜೆ ಇಲ್ವಲ್ಲ" ಎಂದರು. ಎಲ್ಲಿಂದ ಇರಬೇಕು? ಅಷ್ಟು ಜನರ ಕಾಲು ಧೂಳನ್ನು ಗುಡಿಸಿಹಾಕಿತ್ತು. ಎತ್ತಿನ ಗುರುತು ಅವರ ಪಾದದ ಕೆಳಗೇ ಅಳಿಸಿತ್ತು. ಒಬ್ಬರು ಎಡಕ್ಕೆ ಅಂದರು, ಇನ್ನೊಬ್ಬರು ಬಲಕ್ಕೆ ಅಂದರು. ಮತ್ತೊಬ್ಬರು, ಹೆಂಗಸನ್ನು ನಂಬಿ ಬಂದರೆ ಇಷ್ಟೇ, ಟೇಷನ್ನಿಗೆ ಹೋಗೋಣ ಅಂದರು. ಮಾರ ನನ್ನ ಕಡೆ ತಿರುಗಿ ನೋಡಿದ. ಬೇಡಿಕೊಳ್ಳುವ ನೋಟವಲ್ಲ ಅದು. ಆಸೆ ಬಿಟ್ಟವನ ನೋಟ. ನನಗೆ ಮೊದಲು ಅಳು ಬಂತು. ಅದರ ಹಿಂದೆಯೇ ಸಿಟ್ಟು ಬಂತು.

"ಬುದ್ದಿ, ಅಲ್ಲೇ ನಿಂತ್ಕಳಿ. ಯಾರೂ ಕಾಲೆತ್ತಬ್ಯಾಡಿ" ಎಂದೆ.

ನನ್ನ ದನಿ ಅಷ್ಟು ಜೋರಾಗಿದೆ ಎಂದು ನನಗೇ ಗೊತ್ತಿರಲಿಲ್ಲ. ಗುರುಮಲ್ಲಪ್ಪನವರು ಎತ್ತಿದ ಕಾಲನ್ನು ಎಲ್ಲಿಡುವುದೆಂದು ತಿಳಿಯದೆ ಹಾಗೇ ನಿಂತರು.

"ಏನಂದೆ?"

"ನೀವು ಮುಂದ ಓಗಿ ಓಗಿ ಎಜ್ಜೆಯೆಲ್ಲ ಅಳಿಸಿಬುಟ್ರಿ. ಇನ್ನು ನಾ ಮುಂದ ಓಯ್ತಿನಿ. ನಾ ಕರಿಯಗಂಟ ಯಾರೂ ಬರಬ್ಯಾಡಿ. ಎತ್ತು ಬೇಕೋ ಬ್ಯಾಡ್ವೊ ನಿಮಗ?"

ಎತ್ತು ಬೇಕಾಗಿತ್ತು. ಅವರು ನಿಂತರು. ಅವರು ನಿಂತದ್ದರಿಂದ ಎಲ್ಲರೂ ನಿಂತರು. ನಾನು ಅವರ ಪಕ್ಕದಿಂದ ದಾಟಿ ಮುಂದೆ ಹೋದೆ. ನಮ್ಮ ಮನೆಯವರು ಯಾರೂ ಆವರೆಗೆ ಹಾಗೆ ದಾಟಿ ಹೋಗಿರಲಿಲ್ಲ.

ನಮ್ಮವರು ಹೇಳುತ್ತಿದ್ದುದು ನೆನಪಿತ್ತು: ಹೆಜ್ಜೆ ಅಳಿಸಿದ ಜಾಗದಲ್ಲೇ ಕೂತು ಕೆದಕಬಾರದು, ದೂರದಿಂದ ಸುತ್ತು ಹಾಕಬೇಕು. ಗಾಡಿದಾರಿಯನ್ನು ಬಿಟ್ಟು ಹೊಲಗಳ ಬದುವಿನ ಮೇಲೆ ದೊಡ್ಡದಾಗಿ ಸುತ್ತಿದೆ. ಕೋಸಿನ ಹೊಲದ ಕಡೆ ಏನೂ ಇಲ್ಲ. ಜೋಳದ ಕಡೆ ಹಂದಿಯ ಗುರುತು. ರಾಗಿ ಹೊಲದ ಅಂಚಿನಲ್ಲಿ ಬದುವಿನ ನೀರು ಸೋರಿದ ಜಾಗ ಒಂದಿತ್ತು. ಅಲ್ಲಿ ಒಂದಲ್ಲ, ಸಾಲಾಗಿ ಗೊರಸುಗಳು. ಕಡ್ಡಿ ಇಟ್ಟೆ. ಉದ್ದ ಕೂಡಿತು, ಅಗಲ ಕೂಡಿತು. ಆ ಕ್ಷಣದ ಸಂತೋಷವನ್ನು ಹೇಗೆ ಹೇಳಲಿ? ಹೊಲದ ನಡುವೆ ಒಬ್ಬಳೇ ಕೂತು ನಕ್ಕೆ.

ಇನ್ನೊಂದು ವಿಷಯ ಕಂಡಿತು. ಹೆಜ್ಜೆಯ ಪಕ್ಕದಲ್ಲಿ ಹಾವು ಹರಿದಂತೆ ಒಂದು ಗೀರು. ಹಗ್ಗ ಎಳೆದುಕೊಂಡು ಹೋದ ಗುರುತು. ಮನುಷ್ಯನ ಪಾದ ಒಂದೂ ಇಲ್ಲ. ಎತ್ತನ್ನು ಯಾರೂ ಹೊಡೆದುಕೊಂಡು ಹೋಗಿರಲಿಲ್ಲ. ಗುರುಮಲ್ಲಪ್ಪನವರನ್ನೂ ಮಾರನನ್ನೂ ಮಾತ್ರ ಕರೆದು ತೋರಿಸಿದೆ.

"ಅಗ್ಗ ಲಡ್ಡಾಗದ, ಒಸದು ತನ್ನಿ ಅಂತ ಅಬ್ಬಕ್ಕೂ ಮುಂಚ ಯೋಳಿದ್ದಿ ಬುದ್ದಿ" ಎಂದ ಮಾರ. ಅಷ್ಟು ಹೊತ್ತಿಗೆ ಅವನು ಆಡಿದ ಹೊಸ ಮಾತು ಅದೊಂದೇ. ಗುರುಮಲ್ಲಪ್ಪನವರು ಕೆಮ್ಮಿದರು.

ಹೆಜ್ಜೆ ನೇರವಾಗಿ ಹಳ್ಳಕ್ಕೆ ಹೋಗಿ, ನಮ್ಮ ದಡದ ಮರಳಲ್ಲಿ ಇಳಿದು, ಆಚೆ ದಡದಲ್ಲಿ ಹತ್ತಿತ್ತು. ಅಲ್ಲಿಗೆ ನನ್ನ ನೆಲ ಮುಗಿಯಿತು. ಉಳಿದವರನ್ನೂ ಕರೆದೆ. ಆಚೆಯೂರಿನ ತಳವಾರ ನಂಜುಂಡನನ್ನು ಕರೆತರಲು ಒಬ್ಬರನ್ನು ಬೈಕಿನಲ್ಲಿ ಕಳಿಸಿ, ಕೊನೆಯ ಹೆಜ್ಜೆಯ ಪಕ್ಕದಲ್ಲಿ ಕುಳಿತೆ. ಅಷ್ಟರಲ್ಲಿ ಮೋಡ ಕವಿದು ಹನಿ ಶುರುವಾಯಿತು. ಮಳೆ ಜೋರಾದರೆ ಹೆಜ್ಜೆ ಕರಗುತ್ತದೆ, ಹೆಜ್ಜೆ ಕರಗಿದರೆ ನಂಜುಂಡ ಒಪ್ಪುವುದಿಲ್ಲ, ಅವನು ಒಪ್ಪದಿದ್ದರೆ ಸಾಯಂಕಾಲಕ್ಕೆ ಮಾರ ಠಾಣೆಗೆ. ಕೊಡೆ ಬಿಚ್ಚಿ ಹೆಜ್ಜೆಯ ಮೇಲೆ ಹಿಡಿದೆ. ನಾನು ತೊಯ್ದು ತೊಪ್ಪೆಯಾದೆ. ಮರದ ಕೆಳಗೆ ನಿಂತಿದ್ದ ಗುರುಮಲ್ಲಪ್ಪನವರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬಂದು, ಕೊಡೆಯ ಅಂಚಿನಿಂದ ನೀರು ಹರಿದುಬರುತ್ತಿದ್ದ ಕಡೆ ಮರಳು ಒಟ್ಟಿ ಒಡ್ಡು ಕಟ್ಟಿ, ಹೆಗಲ ಮೇಲಿನ ಟವೆಲನ್ನು ಅದರ ಮೇಲೆ ಹಾಸಿದರು.

ನಂಜುಂಡ ಬಂದ. ವಯಸ್ಸಾದವನು, ಕೈಯಲ್ಲಿ ಕೋಲು. ದಡದ ಮೇಲೆ ನಿಂತಿದ್ದ ಗಂಡಸರನ್ನೆಲ್ಲ ನೋಡಿ, "ತಳವಾರ ಯಾರು?" ಎಂದು ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಗುರುಮಲ್ಲಪ್ಪನವರು ಹೇಳಿದರು: "ಇಲ್ಲೇ ಮಳಲಲ್ಲಿ ಕೂತವಳಲ್ಲ, ಕಾಣದಾ ನಿಂಗ? ನಮ್ಮೂರ ತಳವಾರಮ್ಮ."

ಕೊಡೆ ಸರಿಸಿದೆ. ಹೆಜ್ಜೆ ಮುರಿಯದೆ ಇತ್ತು. ನಂಜುಂಡ ಕುಕ್ಕರಗಾಲಲ್ಲಿ ಕೂತು ನನ್ನ ಕಡ್ಡಿ ಇಟ್ಟು ನೋಡಿದ, ಹಳ್ಳ ದಾಟಿ ಆ ದಡದ ಮರದಡಿಯಲ್ಲಿ ತೊಯ್ಯದೆ ಉಳಿದಿದ್ದ ಹೆಜ್ಜೆಗೂ ಇಟ್ಟು ನೋಡಿದ. ಅಲ್ಲಿಂದಲೇ ಕೂಗಿದ: "ಒಪ್ಕಂಡಿ ಕಣಕ್ಕ. ಇನ್ನು ಈ ಎತ್ತು ನಂದು. ನಿಮ್ಮೂರ ಮ್ಯಾಲ ಮಾತಿಲ್ಲ."

ಪೊಲೀಸರಾಗಿದ್ದರೆ ಎರಡು ರಾಜ್ಯದ ಕಾಗದ ಓಡಾಡಬೇಕಿತ್ತು. ನಮಗೆ ಒಂದು ಪೊರಕೆ ಕಡ್ಡಿ ಸಾಕಾಯಿತು. ಅವನನ್ನು ಅವನ ಸರ್ಕಾರ ಏನೆಂದು ಕರೆಯುತ್ತಿತ್ತೋ, ನನ್ನನ್ನು ನನ್ನ ಸರ್ಕಾರ ಏನೆಂದು ಕರೆಯುತ್ತಿತ್ತೋ, ಹಳ್ಳದ ಮರಳಲ್ಲಿ ಇಬ್ಬರೂ ತಳವಾರರೇ. ತಳ ಎಂದರೆ ನಿಂತ ನೆಲ, ಆ ನೆಲದ ಮೇಲೆ ನಡೆದದ್ದಕ್ಕೆಲ್ಲ ಉತ್ತರ ಹೇಳಬೇಕಾದವನು ತಳವಾರ ಎಂದು ನನಗೆ ಅಂದು ಹೊಳೆಯಿತು. ಗ್ರಾಮಾಧಿಕಾರಿಗಳಿಗೆ ಹೇಳಿದಾಗ ಅವರು, ಇದಕ್ಕೆ ಆಧಾರ ಬೇಕಲ್ಲಮ್ಮ ಎಂದರು. ಆಧಾರ ಹಳ್ಳದಲ್ಲಿದೆ ಸಾರ್ ಎಂದೆ.

ಮರುದಿನ ಮಧ್ಯಾಹ್ನ ನಂಜುಂಡನಿಂದ ಹೇಳಿಕೆ ಬಂತು. ಹಳ್ಳಕ್ಕೆ ಹೋದೆವು. ಆಚೆ ದಡದಲ್ಲಿ ಬಿಳಿ ಎತ್ತು ನಿಂತಿತ್ತು, ಮೈ ಮಿರಮಿರ ಮಿಂಚುತ್ತಿತ್ತು. ಕಳ್ಳನೇ ಇರಲಿಲ್ಲ. ಎತ್ತು ತಾನು ಕರುವಾಗಿ ಬೆಳೆದ ಮನೆಗೆ ನಡೆದುಕೊಂಡು ಹೋಗಿ, ಹಳೆಯ ಗೂಟದ ಹತ್ತಿರ ಮಲಗಿತ್ತಂತೆ. ಆ ಮನೆಯ ಮುದುಕ, ಹಬ್ಬಕ್ಕೆ ಬಂದಿದೆ ಎಂದು ಮೈ ತೊಳೆದು ಹುರುಳಿ ಬೇಯಿಸಿ ಹಾಕಿದ್ದನಂತೆ. ಕೊರಳಲ್ಲಿ ತುಂಡು ಹಗ್ಗ ನೇತಾಡುತ್ತಿತ್ತು. ತುದಿಯಲ್ಲಿ ಕತ್ತಿಯ ಗುರುತಿಲ್ಲ, ನಾರು ನಾರಾಗಿ ಸವೆದಿತ್ತು.

ಎತ್ತು ಈ ದಡಕ್ಕೆ ಬಂದ ಮೇಲೆ ನಂಜುಂಡ ಕಡ್ಡಿಯನ್ನು ನನಗೆ ವಾಪಸು ಕೊಟ್ಟ. ಗೊರಸಿಗೆ ಇಟ್ಟು ನೋಡಿ ಒಪ್ಪಿಕೊಳ್ಳಬೇಕು, ಅದೂ ರೂಢಿ. ಗುರುಮಲ್ಲಪ್ಪನವರು ಕೈ ಚಾಚಿದರು. "ಕೊಡು ಇಲ್ಲಿ. ಸಂಶಯ ಪಟ್ಟೋನು ನಾನು, ನಾನೇ ನೋಡ್ತಿನಿ" ಎಂದು ಪಂಚೆ ಎತ್ತಿಕಟ್ಟಿ ಮರಳಲ್ಲಿ ಮಂಡಿಯೂರಿ, ಎತ್ತಿನ ಕಾಲು ಎತ್ತಿ ಹಿಡಿದಿದ್ದ ಮಾರನ ಪಕ್ಕದಲ್ಲೇ ಕೂತು ಅಳೆದರು. ಸರಿಯಾಗಿತ್ತು. ಏಳುವಾಗ ಮಾರನ ಹೆಗಲ ಮೇಲೆ ಕೈ ಊರಿ ಎದ್ದರು. "ಒಸ ಅಗ್ಗ ತತ್ತಿನಿ ಕಣ್ಲಾ. ನಾಳ ಬೆಳಿಗ್ಗ ಬಾ, ಉಳೋದದ" ಎಂದರು. ಮಾರ ತಲೆಯಾಡಿಸಿದ, ಕಣ್ಣು ಒರೆಸಿಕೊಂಡ.

ವಾಪಸು ಹೊರಟೆವು. ಹೊಲಗಳಲ್ಲಿ ಕೆಲಸ ಮಾಡುತ್ತಿದ್ದವರು ಬದುವಿನ ಮೇಲೆ ಬಂದು ನಿಂತು ನೋಡುತ್ತಿದ್ದರು. ಕೆರೆಯ ಏರಿಯ ಹತ್ತಿರ ಊರು ಕಂಡಿತು. ಕೆಲಸ ಮುಗಿದಿತ್ತು, ಹುಡುಕಲು ಇನ್ನು ಯಾವ ಹೆಜ್ಜೆಯೂ ಇರಲಿಲ್ಲ. ಹಳೆಯ ಅಭ್ಯಾಸ, ನನ್ನ ಕಾಲು ನಿಧಾನವಾಯಿತು. ದಾರಿಯ ಪಕ್ಕಕ್ಕೆ ಸರಿದು, ಹಿರಿಯರು ಮುಂದೆ ಹೋಗಲೆಂದು ನಿಂತೆ.

ಗುರುಮಲ್ಲಪ್ಪನವರು ನನ್ನ ಹತ್ತಿರ ಬಂದು ನಿಂತರು. ಅವರು ನಿಂತದ್ದರಿಂದ ಎಲ್ಲರೂ ನಿಂತರು.

"ಯಾಕ ನಿಂತ್ಕಂಡೆ?"

"ನೀವು ನಡೀರಿ ಬುದ್ದಿ."

"ಊರ ತಳವಾರ ಇಂದ ನಿಂತ್ಕಂಡ್ರ ಊರು ಎಂಗ ನಡದಾದು?" ಎಂದರು. "ನಡಿ ತಳವಾರಮ್ಮ, ಮುಂದ ನಡಿ."

ನಾನು ನಡೆದೆ. ಎತ್ತು, ಮಾರ, ಗುರುಮಲ್ಲಪ್ಪನವರು, ಎಲ್ಲರೂ ನನ್ನ ಹಿಂದೆ ಊರೊಳಕ್ಕೆ ಬಂದರು.